ಸಿರಿಂಜ್ ಡಬ್ಬಿ ಡೈರಿ: ನಾಲ್ಕಕ್ಕೆ ಎರಡು ಯಾಕೆ ಬರ್ತಿಲ್ಲ?

ಮೊದಲನೇ ವಾರ

ಬಹಳ ದಿನದಿಂದ ತಲೇಲಿದ್ದ ಕೆಲಸಕ್ಕೆ ಕೊನೆಗೂ ಕೈ ಹಾಕಿದೀನಿ. ನಮ್ಮ ಬಿ.ಎಡ್ ಕಾಲೇಜಲ್ಲಿ ಕೆಮಿಸ್ಟ್ರಿ ಮೆಥಡ್, ಅಂದ್ರೆ ಕೆಮಿಸ್ಟ್ರಿ ಕಲಿಸೋ ವಿಧಾನ, ತಗೊಂಡಿರೋ ಮಕ್ಕಳಿಗೆ (ಮಕ್ಕಳು ಅಂತೀನಿ, ಎಲ್ಲರೂ ಬಿಎಸ್ಸಿ ಮುಗಿಸಿದವರು, ಇಬ್ಬರಿಗೆ ಮದುವೆನೂ ಆಗಿದೆ) ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕಾಗೋ ಅಂಥ ಒಂದು ಪ್ರಯೋಗದ ಡಬ್ಬಿ. ಇಂಟರ್ನ್‌ಶಿಪ್‌ಗೆ ಹೋಗೋ ಸ್ಕೂಲಲ್ಲಿ ಲ್ಯಾಬ್ ಇರ್ಲಿ ಬಿಡ್ಲಿ, ಡಬ್ಬಿ ತೆಗೆದ್ರೆ ಪ್ರಯೋಗ ಆಗ್ಬೇಕು, ಅಷ್ಟೇ.

ಮೊದಲು ನೀರಿನ ವಿದ್ಯುದ್ವಿಭಜನೆ ತಗೊಂಡೆ, ಅಂದ್ರೆ ಕರೆಂಟ್ ಹಾಯಿಸಿ ನೀರನ್ನ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯೋದು, ಪುಸ್ತಕದ ಪ್ರಕಾರ ಹೈಡ್ರೋಜನ್ ಆಕ್ಸಿಜನ್ನಿನ ಎರಡರಷ್ಟು ಬರ್ಬೇಕು, ನಾಲ್ಕಕ್ಕೆ ಎರಡು. ಹತ್ತನೇ ಕ್ಲಾಸಿನ ಮೊದಲ ಪಾಠದಲ್ಲೇ ಇದೆ, ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ರಬ್ಬರ್ ಬಿರಡೆ, ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ, ಮೇಲೆ ಎರಡು ಪ್ರನಾಳ ಬೋರಲು. ಚಿತ್ರ ಬರೆಯೋಕೆ ಎಲ್ಲರಿಗೂ ಬರತ್ತೆ. ಕೈಯಾರೆ ಮಾಡಿ ನೋಡಿರೋರು ಕೈ ಎತ್ತಿ ಅಂದೆ, 31 ಜನರಲ್ಲಿ ಎದ್ದಿದ್ದು ನಾಲ್ಕು ಕೈ. ಇದು ಅವರ ತಪ್ಪಲ್ಲ, ಅವರಿಗೆ ಯಾರೂ ಮಾಡಿಸಿಲ್ಲ. ಇನ್ನೆರಡು ವರ್ಷಕ್ಕೆ ಇವರೇ ಹೋಗಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಟೀಚರ್ ಆಗಿ ಅದೇ ಚಿತ್ರ ಬೋರ್ಡ್ ಮೇಲೆ ಬರೀತಾರೆ, ಮುಂದಿನ ಬ್ಯಾಚಿನ ಮಕ್ಕಳು ಅದನ್ನ ಬರ್ಕೊಳ್ತಾರೆ, ನಂಗೆ ಸಂಕಟ ಆಗೋದು ಅಲ್ಲೇ.

ಎರಡನೇ ವಾರ

ಡಬ್ಬಿ ಹೀಗಿದೆ. ಅಂಗಡಿ ಮೊಸರಿನ ಪ್ಲಾಸ್ಟಿಕ್ ಕಪ್ ತೊಳೆದು ತಳಕ್ಕೆ ಬಿಸಿ ಮಾಡಿದ ಮೊಳೆಯಿಂದ ಎರಡು ತೂತು. ಮೊದಲು ಪೆನ್ಸಿಲ್ ಸೀಸದ ಕಡ್ಡಿ ಹಾಕಿದ್ದೆ, ವೈರ್ ಸುತ್ತೋವಾಗ ಲಟಕ್ ಅಂತ ಮುರೀತಿತ್ತು, ಆರು ಮುರಿದ ಮೇಲೆ ಹಳೇ ರಿಮೋಟ್ ಸೆಲ್‌ಗಳನ್ನ ಒಡೆದು ಒಳಗಿನ ಕಾರ್ಬನ್ ಕಡ್ಡಿ ತೆಗೆದೆ, ಅದು ಗಟ್ಟಿ. ಆಲ್ಕಲೈನ್ ಸೆಲ್ ಒಡೀಬೇಡಿ, ಅದರಲ್ಲಿ ಕಾರ್ಬನ್ ಕಡ್ಡಿ ಇರಲ್ಲ, ಒಳಗಿರೋ ಪೇಸ್ಟ್ ಕೈ ಸುಡತ್ತೆ. ಸುತ್ತ ಎಂ-ಸೀಲ್ ಮೆತ್ತಿ ಒಂದು ರಾತ್ರಿ ಬಿಟ್ಟೆ.

ಪ್ರನಾಳದ ಬದಲು 5 ಎಂಎಲ್ ಸಿರಿಂಜ್. ಪಿಸ್ಟನ್ ತೆಗೆದು ಬರೀ ಕೊಳವೆಯನ್ನ ಕಡ್ಡಿ ಮೇಲೆ ಬೋರಲು ಹಾಕೋದು, ಮೂತಿ ಮೇಲಕ್ಕೆ. ಮೂತಿಗೆ ಸೈಕಲ್ ವಾಲ್ ಟ್ಯೂಬಿನ ಒಂದು ತುಂಡು, ಅದರಿಂದ ಇನ್ನೊಂದು ಸಿರಿಂಜಲ್ಲಿ ಎಳೆದ್ರೆ ಕಪ್ಪಿನ ನೀರು ಕೊಳವೆಯೊಳಗೆ ಮೇಲಕ್ಕೇರತ್ತೆ, ಆಮೇಲೆ ಟ್ಯೂಬ್ ಮಡಚಿ ಬೈಂಡರ್ ಕ್ಲಿಪ್ ಹಾಕಿದ್ರಾಯ್ತು. ಇದರಲ್ಲಿ ನಂಗೆ ತುಂಬಾ ಖುಷಿ ಕೊಟ್ಟಿದ್ದು ಏನಂದ್ರೆ ಸಿರಿಂಜಿನ ಸೊನ್ನೆ ಗುರುತು ಮೂತಿ ಕಡೆಗೇ ಇರೋದ್ರಿಂದ, ಬೋರಲು ಹಾಕಿದಾಗ ಗ್ಯಾಸ್ ಎಷ್ಟು ಕೂಡ್ತು ಅಂತ ಮೇಲಿಂದ ನೇರವಾಗಿ ಓದಬಹುದು, ಪ್ರನಾಳದಲ್ಲಿ ಕಣ್ಣಂದಾಜು, ಇದರಲ್ಲಿ ಅಳತೆ. 9 ವೋಲ್ಟ್ ಬ್ಯಾಟರಿಗೆ ಒಂದು ಕಡೆ 4 ಎಂಎಲ್ ತುಂಬೋಕೆ ಹತ್ತು ಹನ್ನೆರಡು ನಿಮಿಷ, ಒಂದು ಪೀರಿಯಡ್‌ಗೆ ಸರಿಹೋಗತ್ತೆ. ಒಂದು ಡಬ್ಬಿಗೆ ನಂಗೆ ಬಿದ್ದಿದ್ದು ಸುಮಾರು 110 ರೂಪಾಯಿ. ಎಂಟು ಡಬ್ಬಿಲಿ ಮೂರು ಸೋರ್ತಿದ್ವು, ಮತ್ತೆ ಮೆತ್ತಿದೆ.

ಸಣ್ಣ ಪ್ರಮಾಣದಲ್ಲಿ ಕೆಮಿಸ್ಟ್ರಿ ಮಾಡ್ಸೋದು ನನ್ನ ಹೊಸ ಐಡಿಯಾ ಏನಲ್ಲ, ದಕ್ಷಿಣ ಆಫ್ರಿಕಾದಲ್ಲಿ ಜಾನ್ ಬ್ರಾಡ್ಲಿ ಅವರ ತಂಡ ಲ್ಯಾಬ್ ಇಲ್ಲದ ಶಾಲೆಗಳಿಗೇ ಅಂತ ಇಂಥ ಪುಟ್ಟ ಕಿಟ್‌ಗಳನ್ನ ಮಾಡಿದೆ. ನಮ್ಮ ದೇಶದಲ್ಲಿ ಇನ್ನೂ ಹಳೇದು ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ ಪ್ರಯೋಗ ಮಾಡ್ಸಿ ವಿಜ್ಞಾನ ಕಲಿಸೋ ಕೆಲಸ, 1972ರಲ್ಲಿ 16 ಶಾಲೆಗಳಲ್ಲಿ ಶುರುವಾಗಿ 2002ರಲ್ಲಿ ಸರ್ಕಾರ ನಿಲ್ಲಿಸೋ ತನಕ ನಡೀತು. ಅಲ್ಲಿ ಟ್ರೇನಿಂಗಿಗೆ ಬಂದ ಮೇಷ್ಟ್ರುಗಳು ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನ ಮೊದಲು ತಾವೇ ಕೂತು ಮಾಡ್ಬೇಕಿತ್ತು. ನನ್ನ ಡಬ್ಬಿಯ ಹಿಂದಿರೋದೂ ಅದೇ ಮಾತು.

ಮೂರನೇ ವಾರ

ಇವತ್ತು ಆಗಿದ್ದನ್ನ ವಿವರವಾಗಿ ಬರೀಲೇಬೇಕು.

ಎಂಟು ಗುಂಪು ಮಾಡಿ ಡಬ್ಬಿ ಕೊಟ್ಟೆ. ನೀರಿಗೆ ಏನು ಹಾಕ್ಬೇಕು ಅಂತ ನಾನು ಹೇಳಿರ್ಲಿಲ್ಲ, ಬೇಕಂತಲೇ. ಟೆಕ್ಸ್ಟ್‌ಬುಕ್ಕಲ್ಲಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಕೆಲವು ಹನಿ ಅಂತಿದೆ, ಆದ್ರೆ ಎಂಟೂ ಗುಂಪು ಅಡುಗೆ ಉಪ್ಪು ಹಾಕಿದ್ರು, ಯಾಕಂದ್ರೆ ಅವರ ಹೈಸ್ಕೂಲಲ್ಲಿ, ಯೂಟ್ಯೂಬಲ್ಲಿ ಎಲ್ಲಾ ಕಡೆ ಹಂಗೇ ಮಾಡಿರೋದು ನೋಡಿದಾರೆ. ಗುಳ್ಳೆ ಬಂತು, ಎಲ್ಲರ ಮುಖ ಅರಳ್ತು, ನಂಗೂ. ಹನ್ನೆರಡು ನಿಮಿಷಕ್ಕೆ ಒಂದು ಸಿರಿಂಜಲ್ಲಿ 4 ಎಂಎಲ್, ಇನ್ನೊಂದರಲ್ಲಿ ಅರ್ಧ ಎಂಎಲ್ ಸುತ್ತಮುತ್ತ.

ರೆಕಾರ್ಡ್ ತಗೊಂಡು ನೋಡಿದ್ರೆ ಏಳು ಗುಂಪಲ್ಲಿ 4 ಮತ್ತು 2 ಅಂತ ಬರ್ದಿದೆ. ಎಂಟನೇ ಗುಂಪಿನ ಹಾಳೆಯನ್ನ ಕಿಟಕಿ ಬೆಳಕಿಗೆ ಹಿಡಿದು ನೋಡ್ದೆ, ಅಲ್ಲೂ 2 ಅಂತಲೇ ಇದೆ ಆದ್ರೆ ಕೆಳಗೆ ರಬ್ಬರಲ್ಲಿ ಉಜ್ಜಿದ ಗುರುತು, ಉಜ್ಜಿದ ಜಾಗದಲ್ಲಿ ಪೆನ್ಸಿಲ್ ಒತ್ತಿರೋ 0.5 ಇನ್ನೂ ಕಾಣ್ತಿತ್ತು. ಸಿರಿಂಜ್ ಎದುರಿಗೇ ಇದೆ, ಗುರುತು ಕಣ್ಣಿಗೆ ಹೊಡೀತಿದೆ, ಆದ್ರೂ ಅವರ ಕೈ ಬರ್ದಿದ್ದು ಪುಸ್ತಕದ ಸಂಖ್ಯೆ.

ಬೈಯಲಿಲ್ಲ. ಬೈದಿದ್ರೆ ಮುಂದಿನ ಸಲ ರಬ್ಬರನ್ನ ಇನ್ನೂ ಚೆನ್ನಾಗಿ ಉಜ್ಜೋದು ಕಲೀತಿದ್ರು. ಉಜ್ಜಿದ ಹಾಳೆಯ ಹುಡುಗೀನ ಪಕ್ಕಕ್ಕೆ ಕರೆದು ಯಾಕಮ್ಮಾ ಅಂದೆ. "ನಮ್ದು ತಪ್ಪಾಗಿರತ್ತೆ ಸರ್, ಪುಸ್ತಕ ತಪ್ಪಿರಲ್ಲ ಅಲ್ವಾ" ಅಂದ್ಲು. ಈ ಮಾತು ರಾತ್ರಿಯೆಲ್ಲಾ ಕೊರೀತಿತ್ತು.

ನಾಲ್ಕನೇ ವಾರ

ಪುಸ್ತಕ ತಪ್ಪಿರ್ಲಿಲ್ಲ, ಆ ಹುಡುಗಿನೂ ತಪ್ಪಿರ್ಲಿಲ್ಲ, ಉಪ್ಪು ಹಾಕಿದ ಮೇಲೆ ಅದು ಬೇರೇನೇ ಪ್ರಯೋಗ. ಧನಾಗ್ರದಲ್ಲಿ (ಬ್ಯಾಟರಿಯ ಪ್ಲಸ್‌ಗೆ ಸೇರಿದ ಕಡ್ಡಿ) ಆಕ್ಸಿಜನ್ ಬರೋ ಬದಲು ಬಹುಪಾಲು ಕ್ಲೋರಿನ್ ಬರತ್ತೆ, ಅದು ನೀರಲ್ಲಿ ಸೇರ್ಕೊಂಡು ಋಣಾಗ್ರದ (ಮೈನಸ್ ಕಡ್ಡಿ) ಹತ್ರ ಹುಟ್ಟೋ ಕ್ಷಾರದ ಜೊತೆ ಕ್ರಿಯೆ ಮಾಡಿ ಮಾಯ ಆಗತ್ತೆ, ಸಿರಿಂಜಲ್ಲಿ ಕೂಡೋದು ಚೂರೇ ಚೂರು. ಹೇಳೋ ಬದಲು ತೋರಿಸೋಣ ಅಂತ ಮನೆ ದಾಸವಾಳದ ದಳ ಬಿಸಿನೀರಲ್ಲಿ ನೆನೆಸಿ ಬಟ್ಟೇಲಿ ಸೋಸಿ ತಗೊಂಡು ಹೋದೆ. ನಾಲ್ಕು ಗುಂಪಿಗೆ ಉಪ್ಪು, ನಾಲ್ಕು ಗುಂಪಿಗೆ ಕಾಲೇಜ್ ಸ್ಟೋರಲ್ಲಿದ್ದ ಸೋಡಿಯಂ ಸಲ್ಫೇಟ್.

ಸಲ್ಫೇಟ್ ಕಪ್ಪಲ್ಲಿ ಒಂದು ಕಡ್ಡಿ ಸುತ್ತ ಹಸಿರು, ಇನ್ನೊಂದರ ಸುತ್ತ ಗುಲಾಬಿ, ಎರಡು ಬಣ್ಣ ಮಧ್ಯದಲ್ಲಿ ಹೊಗೆ ಥರ ಬೆರೆಯೋದು ನೋಡೋಕೆ ಅಕ್ಕಪಕ್ಕದ ಕ್ಲಾಸಿನವರೂ ಬಂದ್ರು. ಋಣಾಗ್ರದ ಹತ್ರ ಹೈಡ್ರಾಕ್ಸೈಡ್ ಅಂದ್ರೆ ಕ್ಷಾರ, ದಾಸವಾಳದ ನೀರು ಅದಕ್ಕೆ ಹಸಿರಾಗತ್ತೆ, ಧನಾಗ್ರದ ಹತ್ರ ಆಮ್ಲ, ಅದಕ್ಕೆ ಗುಲಾಬಿ, ಬಣ್ಣವೇ ಹೇಳತ್ತೆ. ತಡ ಮಾಡದೆ ಕಡ್ಡೀಲಿ ಕಲಕಿದ್ರೆ ಮೊದಲಿನ ಬಣ್ಣಕ್ಕೆ ಬಹುಪಾಲು ವಾಪಸ್ ಬರತ್ತೆ, ಎರಡೂ ಸಮಸಮ ಹುಟ್ಟಿದ್ವು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ. ಉಪ್ಪಿನ ಕಪ್ಪಲ್ಲಿ ಋಣಾಗ್ರ ಹಸಿರಾಯ್ತು, ಆದ್ರೆ ಧನಾಗ್ರದ ಹತ್ರ ಬಣ್ಣವೇ ಹೊರಟೋಯ್ತು, ಬಿಳುಚಿಕೊಳ್ತು. ಹಿಂದಿನ ಬೆಂಚಿನ ಒಬ್ಬ ಮೂಗು ಹತ್ರ ತಂದು "ಸರ್ ಬ್ಲೀಚಿಂಗ್ ಪೌಡರ್ ವಾಸನೆ" ಅಂದ. ಮೂಗನ್ನ ಹಂಗೆ ನೇರ ತರಬಾರ್ದು, ಕೈಯಲ್ಲಿ ಬೀಸ್ಕೊಂಡು ನೋಡ್ಬೇಕು, ಅದನ್ನೂ ಅಲ್ಲೇ ಹೇಳ್ದೆ, ಕಿಟಕಿ ತೆಗೆಸ್ದೆ. ಆದ್ರೆ ಕ್ಲೋರಿನ್ ಅನ್ನೋ ಹೆಸರು ನನ್ನ ಬಾಯಿಂದ ಬರ್ಲಿಲ್ಲ, ಅವರ ಬಾಯಿಂದ ಬಂತು.

ಸಲ್ಫೇಟಲ್ಲಿ ಬಂದಿದ್ದು 4.0ಗೆ 1.7, ಇನ್ನೊಂದು ಸಲ್ಫೇಟ್ ಗುಂಪಲ್ಲಿ 1.6. ಈ ಸಲ ಎಂಟು ರೆಕಾರ್ಡಲ್ಲೂ ಕಂಡಿದ್ದೇ ಇದೆ. ಒಂದರಲ್ಲಿ ಮಾತ್ರ ಬ್ರಾಕೆಟಲ್ಲಿ "2 ಬರಬೇಕಿತ್ತು" ಅಂತ.

(ಇದರ ಮಧ್ಯೆ ಒಂದು ಮಾತು. ಕೆಮಿಸ್ಟ್ರಿ ಬಿಟ್ಟು ಎಜುಕೇಶನ್ ಕಡೆ ಯಾಕೆ ಹೋದ್ರಿ ಅಂತ ನನ್ನ ಕೇಳೋರು ಇವತ್ತಿಗೂ ಇದಾರೆ. ನಾನು ಓದಿದ್ದು ಮೈಸೂರಲ್ಲಿ, ಮಾನಸಗಂಗೋತ್ರಿ ಪಕ್ಕದ ರೀಜನಲ್ ಕಾಲೇಜ್ ಆಫ್ ಎಜುಕೇಶನ್ನಲ್ಲಿ, 1963ರಲ್ಲಿ ಶುರುವಾದ ಸಂಸ್ಥೆ, ಅಲ್ಲಿ ನಾಲ್ಕು ವರ್ಷದ ಬಿಎಸ್ಸಿ ಎಡ್, ವಿಷಯ ಮತ್ತು ಬೋಧನೆ ಎರಡೂ ಒಟ್ಟಿಗೆ. ಆಮೇಲೆ ಏಳು ವರ್ಷ ಹೈಸ್ಕೂಲು, ಎಂಎಸ್ಸಿ, ಎಂ.ಎಡ್, ಈಗ ಇಲ್ಲಿ 14 ವರ್ಷ. ಕೆಮಿಸ್ಟ್ರಿ ಬಿಟ್ಟಿದೀನಿ ಅಂತ ನಂಗೆ ಒಂದು ದಿನವೂ ಅನ್ನಿಸಿಲ್ಲ. 0.5 ಅನ್ನೋದು ಯಾಕೆ 2 ಆಗತ್ತೆ ಅಂತ ಹುಡುಕೋಕೆ ಕೆಮಿಸ್ಟ್ರಿನೂ ಬೇಕು, ಮನುಷ್ಯರ ಮನಸ್ಸೂ ಗೊತ್ತಿರ್ಬೇಕು, ನನ್ನ ಪಾಲಿಗೆ ಇದು ಪೂರ್ತಿ ಕೆಲಸ. ಬಿ.ಎಡ್ 2015ರಿಂದ ಎರಡು ವರ್ಷ ಆಗಿರೋದು ಇಂಥದ್ದಕ್ಕೆ ಟೈಮ್ ಸಿಗ್ಲಿ ಅಂತಲೇ ಅಂದ್ಕೊಂಡಿದೀನಿ, ಆ ಟೈಮು ಚಾರ್ಟ್ ಬರೆಯೋದ್ರಲ್ಲಿ, ಫೈಲ್‌ಗೆ ರಟ್ಟು ಹಾಕೋದ್ರಲ್ಲಿ ಹೋಗಬಾರ್ದು.)

ಐದನೇ ವಾರ

ಉಳಿದ 0.3 ಎಲ್ಲಿ ಹೋಯ್ತು. ಎರಡು ಕಾರಣ ಇದೆ, ಒಂದು ಕಾರ್ಬನ್ ಕಡ್ಡಿಯನ್ನೇ ಆಕ್ಸಿಜನ್ ಒಂದಿಷ್ಟು ತಿನ್ನತ್ತೆ, ಧನಾಗ್ರದ ಕೆಳಗೆ ಕಪ್ಪು ಪುಡಿ ಉದುರಿರೋದು ಕಾಣತ್ತೆ. ಇನ್ನೊಂದು, ಆಕ್ಸಿಜನ್ ನೀರಲ್ಲಿ ಹೈಡ್ರೋಜನ್‌ಗಿಂತ ಜಾಸ್ತಿ ಕರಗತ್ತೆ. ಇಷ್ಟು ಹೇಳಿದ್ದೇ ತಡ, ಒಬ್ಬಳು ಕೇಳಿದ್ಲು, "ಗ್ಯಾಸ್ ಹೆಂಗೆ ಸರ್ ಕರಗತ್ತೆ, ಅದೇನು ಐಸಾ?"

ಇದೇ ನೋಡಿ, ಇಷ್ಟು ವರ್ಷದಲ್ಲಿ ನಾನು ಸರಿಯಾಗಿ ಕಿವಿಗೊಡದೇ ಇದ್ದ ವಿಷಯ. ಕನ್ನಡದಲ್ಲಿ ಬೆಣ್ಣೆನೂ ಕರಗತ್ತೆ ಸಕ್ಕರೆನೂ ಕರಗತ್ತೆ. ಬಿಸಿಗೆ ಗಟ್ಟಿಯಿಂದ ನೀರಾಗೋದು ಒಂದು, ನೀರಿನ ಕಣಗಳ ಮಧ್ಯೆ ಹಂಚಿಹೋಗೋದು ಇನ್ನೊಂದು, ಎರಡಕ್ಕೂ ಮನೇಲಿ ಒಂದೇ ಮಾತು. ಮಗು ಸಕ್ಕರೆ ನೀರಾಗೋಯ್ತು ಅಂತ ಬರೆದ್ರೆ ನಾವು ತಪ್ಪು ಹಾಕ್ತೀವಿ, ಆ ಮಗು ತನ್ನ ಭಾಷೆಗೆ ನಿಯತ್ತಾಗಿದೆ ಅಷ್ಟೇ. ಪುಸ್ತಕದಲ್ಲಿ ವಿಲೀನ ಅಂತ ಇರತ್ತೆ ಆದ್ರೆ ಕ್ಲಾಸಲ್ಲಿ ಯಾರೂ ಆ ಪದ ಬಾಯಲ್ಲಿ ಆಡಲ್ಲ.

ಅವತ್ತು ಪಾಠ ನಿಲ್ಲಿಸಿ ಬೋರ್ಡ್ ಮೇಲೆ ಪದಗಳ ಪಟ್ಟಿ ಶುರು ಮಾಡಿದ್ವಿ. ದ್ರವ, ದ್ರವ್ಯ, ದ್ರಾವ್ಯ, ದ್ರಾವಕ, ದ್ರಾವಣ, ಐದೂ ಬೇರೆ ಬೇರೆ, ಎಂಟನೇ ಕ್ಲಾಸಿನ ಮಗು ಇವನ್ನ ಒಂದೇ ಉಸಿರಲ್ಲಿ ಕೇಳಿಸ್ಕೊಂಡ್ರೆ ಏನಾಗ್ಬೇಡ. ಲವಣ ಅಂದ್ರೆ ಉಪ್ಪು ಅಂತಲೇ ಎಲ್ಲರ ಮನಸ್ಸಲ್ಲಿದೆ, ಹಂಗಾಗಿ ಮೈಲುತುತ್ತ ಲವಣ ಅಂದ್ರೆ ನಂಬಲ್ಲ. ಎಲ್ಲಕ್ಕಿಂತ ತೊಡಕಿಂದು ಅಣು. ಪೇಪರಲ್ಲಿ, ಟಿವೀಲಿ ಅಣುಬಾಂಬ್, ಅಣುಸ್ಥಾವರ, ಅಲ್ಲೆಲ್ಲಾ ಅಣು ಅಂದ್ರೆ ಆಟಂ, ನಮ್ಮ ಪಾಠದಲ್ಲಿ ಅಣು ಅಂದ್ರೆ ಮಾಲಿಕ್ಯೂಲ್, ಆಟಂಗೆ ಪರಮಾಣು. ಇದು ಗೊಂದಲ ಆಗತ್ತೆ ಅಂತ ಟೀಚರ್ ಮೊದಲೇ ಬಾಯ್ಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಮಗು ಒಳಗೊಳಗೇ ಸೋಲತ್ತೆ. ಪಟ್ಟಿ ಈಗ 43 ಪದಕ್ಕೆ ಬಂದಿದೆ, ಇದನ್ನೂ ಡಬ್ಬಿಯೊಳಗೆ ಮಡಚಿ ಇಡ್ತೀನಿ.

ಆರನೇ ವಾರ

ಗ್ಲಾಸ್ಗೋ ಯೂನಿವರ್ಸಿಟಿಯ ಅಲೆಕ್ಸ್ ಜಾನ್‌ಸ್ಟನ್ ಅವರ ತ್ರಿಕೋನ ನಮ್ಮ ಸಿಲಬಸ್‌ನವರಿಗೆ ಗೊತ್ತಿರತ್ತೆ. ಕೆಮಿಸ್ಟ್ರಿ ಮೂರು ಮೂಲೇಲಿ ಇರತ್ತೆ ಅಂದ್ರು ಅವರು, ಕಣ್ಣಿಗೆ ಕಾಣೋದು, ಕಾಣದ ಕಣಗಳು, ಚಿಹ್ನೆ ಸಮೀಕರಣ. ಕಲಿತವರು ಮೂರರ ಮಧ್ಯೆ ಸಲೀಸಾಗಿ ಓಡಾಡ್ತಾರೆ, ಹೊಸಬರಿಗೆ ಮೂರನ್ನೂ ಒಟ್ಟಿಗೆ ತಲೆ ಮೇಲೆ ಸುರಿದ್ರೆ ಹೊರಲಾರದ ಭಾರ. ನಮ್ಮವರು ಕಾಣೋ ಮೂಲೆ ಬಿಟ್ಟು, ಕಣದ ಮೂಲೇನೂ ಬಿಟ್ಟು, ಸೀದಾ ಸಮೀಕರಣಕ್ಕೆ ಹೋಗಿ ಕೂತಿದಾರೆ, 2 ಅಂತ ಬರ್ದಿದ್ದು ಅಲ್ಲಿಂದ್ಲೇ.

ಗುಳ್ಳೆ ಒಳಗೆ ಏನಿದೆ ಚಿತ್ರ ಬರೀರಿ ಅಂದೆ. ಒಂಬತ್ತು ಜನ ನೀರಿನ ಆವಿ ಬರೆದ್ರು, ಕೆಲವರು ಖಾಲಿ ಬಿಟ್ಟು ಗಾಳಿ ಅಂದ್ರು, ಹನ್ನೆರಡು ಜನ ಒಂಟಿ ಒಂಟಿ ಹೈಡ್ರೋಜನ್ ಪರಮಾಣು. ಸರಿ, ಮನೆಯಿಂದ ಹುಣಸೆ ಬೀಜ, ಹೆಸರುಕಾಳು ತಂದೆ. ಹುಣಸೆ ಬೀಜ ಆಕ್ಸಿಜನ್, ಹೆಸರುಕಾಳು ಹೈಡ್ರೋಜನ್. ಸ್ಟೀಲ್ ತಟ್ಟೇಲಿ ನಾಲ್ಕು ನೀರಿನ ಅಣು ಜೋಡಿಸಿ, ಈಗ ಬಿಡಿಸಿ, ಜೋಡಿ ಜೋಡಿ ಮಾಡಿ ಅಂದೆ. ಹೆಸರುಕಾಳಿನ ಜೋಡಿ ನಾಲ್ಕು, ಹುಣಸೆ ಬೀಜದ ಜೋಡಿ ಎರಡು. ಒಂದೇ ತಾಪ, ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ ಅಂತ ಅವೊಗಾಡ್ರೊ 1811ರಲ್ಲಿ ಹೇಳಿದ ಮಾತನ್ನ ಇದರ ಪಕ್ಕಕ್ಕಿಟ್ಟೆ. ತಟ್ಟೆ ನೋಡ್ತಾ ನೋಡ್ತಾ ಒಬ್ಬ, "ಅಂದ್ರೆ ಸಿರಿಂಜಲ್ಲಿ ನಾವು ಎಣಿಸ್ತಿರೋದು ಇದನ್ನೇ" ಅಂದ. ಹೌದಪ್ಪಾ, ಇದನ್ನೇ.

ನೀರನ್ನ ಕರೆಂಟಿಂದ ಹೀಗೆ ಮೊದಲು ಒಡೆದಿದ್ದು 1800ರಲ್ಲಿ, ನಿಕಲ್ಸನ್ ಮತ್ತು ಕಾರ್ಲೈಲ್, ವೋಲ್ಟಾನ ಬ್ಯಾಟರಿ ಸುದ್ದಿ ಲಂಡನ್ ಮುಟ್ಟಿದ ಕೆಲವೇ ವಾರದಲ್ಲಿ. ಅವರ ಕೈಲೂ ಆಗ ಯಾವ ಪುಸ್ತಕದ ಉತ್ತರ ಇರ್ಲಿಲ್ಲ ಅಂತ ಹೇಳಿದಾಗ ಕ್ಲಾಸು ತುಂಬಾ ಹೊತ್ತು ಸುಮ್ಮನಿತ್ತು.

ಎಂಟನೇ ವಾರ

ಏಳನೇ ವಾರ ಬರೆಯೋಕಾಗ್ಲಿಲ್ಲ, ಇಂಟರ್ನ್‌ಶಿಪ್ ಓಡಾಟ. ಇವತ್ತು ಒಂದು ಸರ್ಕಾರಿ ಹೈಸ್ಕೂಲಿಗೆ ಅಬ್ಸರ್ವೇಶನ್‌ಗೆ ಹೋಗಿದ್ದೆ. ಪಾಠ ಮಾಡ್ತಿದ್ದವಳು ಆ ರಬ್ಬರ್ ಉಜ್ಜಿದ ಹುಡುಗಿ. ಹತ್ತನೇ ಕ್ಲಾಸು, 38 ಮಕ್ಕಳು, ಮೂರು ಡಬ್ಬಿ. ಹೈಡ್ರೋಜನ್ನ ಸಿರಿಂಜಿಂದ ಸೋಪ್ ನೀರಿಗೆ ಬಿಟ್ಟು ಗುಳ್ಳೆಗೆ ಕಡ್ಡಿ ಗೀರಿ ತಾಗಿಸಿದಾಗ ಟಪ್ ಅಂತ ಸದ್ದು, ಇನ್ನೊಂದನ್ನ ಊದುಬತ್ತಿ ಕೆಂಡದ ಮೇಲೆ ಬಿಟ್ರೆ ಕೆಂಡ ಝಗ್ ಅಂತು. ಅಳತೆ ಕೇಳಿದ್ಲು, ಮಕ್ಕಳು 4 ಮತ್ತು 1.7 ಅಂದ್ರು, ಬೋರ್ಡ್ ಮೇಲೆ 1.7 ಅಂತಲೇ ಬರೆದ್ಲು.

ಮುಂದಿನ ಸಾಲಿನ ಒಬ್ಬ ಹುಡುಗ ಪುಸ್ತಕ ತೆಗೆದು "ಮಿಸ್, ಇದರಲ್ಲಿ ಎರಡರಷ್ಟು ಅಂತಿದೆ, 0.3 ಎಲ್ಲಿ ಹೋಯ್ತು?" ಅಂದ. ನಾನು ಹಿಂದಿನ ಬೆಂಚಲ್ಲಿ ಉಸಿರು ಬಿಗಿ ಹಿಡಿದು ಕೂತಿದ್ದೆ. ಅವಳು ಉತ್ತರ ಹೇಳ್ಲಿಲ್ಲ. "ನೀರು ಬದಲಾಯಿಸದೆ ಇನ್ನೊಂದು ಸಲ ನಡೆಸೋಣ, ಏನಾಗತ್ತೆ ಅಂತ ಮೊದಲು ಬರೆದಿಡಿ" ಅಂದ್ಲು. ಮಧ್ಯಾಹ್ನದ ಊಟದ ಬೆಲ್ ಹೊಡೀತು, ಆರೇಳು ಮಕ್ಕಳು ಎದ್ದು ಹೋಗ್ಲಿಲ್ಲ. ಅದೇ ನೀರಲ್ಲಿ ಎರಡನೇ ಸಲ 1.9 ಬಂತು, ಆಕ್ಸಿಜನ್ ತುಂಬಿದ ನೀರಲ್ಲಿ ಇನ್ನಷ್ಟು ಸೇರೋಕೆ ಜಾಗ ಕಮ್ಮಿ. "ನೀರು ಕುಡಿದುಬಿಟ್ಟಿತ್ತು ಮಿಸ್" ಅಂದ ಆ ಹುಡುಗ.

ಪದಗಳ ಪಟ್ಟೀಲಿ ವಿಲೀನ ಎದುರಿಗೆ "ಕುಡಿಯೋದು" ಅಂತ ಪೆನ್ಸಿಲಲ್ಲಿ ಬರ್ಕೊಂಡು ಬಂದಿದೀನಿ, ಸರಿಹೋಗತ್ತಾ ಅಂತ ಕ್ಲಾಸಲ್ಲಿ ಚರ್ಚೆ ಆಗ್ಬೇಕು. ಮೂರನೇ ಡಬ್ಬಿ ಮತ್ತೆ ಸೋರ್ತಿದೆ, ಶನಿವಾರ ಎಂ-ಸೀಲ್ ಕಿತ್ತು ಹೊಸದಾಗಿ ಮೆತ್ತಬೇಕು, ಎರಡು ಬ್ಯಾಟರಿ ತರ್ಬೇಕು. ಮುಂದಿನ ಡಬ್ಬಿ ಮಾತ್ರೆ ಪಟ್ಟಿಯ ಗುಂಡಿಗಳಲ್ಲಿ ಹನಿ ಹನಿ ಆಮ್ಲ ಪ್ರತ್ಯಾಮ್ಲ, ದಾಸವಾಳ ಇದ್ದೇ ಇದೆ.