ಹದಿನಾಲ್ಕು ವರ್ಷಕ್ಕೆ ಹೊರಗೆ ಬರುತ್ತಾನಲ್ಲ ಮೇಡಂ?

ಕೊಪ್ಪಳದಲ್ಲಿ ವಕೀಲಿ ಮಾಡುತ್ತ ಇಪ್ಪತ್ತೆರಡು ವರ್ಷವಾಯಿತು. ಗಲ್ಲು ಶಿಕ್ಷೆ ಬೇಡ ಎನ್ನುವವಳು ನಾನು ಎಂದು ಗೊತ್ತಾದ ಕೂಡಲೇ, ಮದುವೆಯ ಪಂಕ್ತಿಯಲ್ಲಾಗಲಿ ಬಸ್ಸಿನಲ್ಲಾಗಲಿ, ಪ್ರಶ್ನೆ ಒಂದೇ: “ನಿಮ್ಮ ಮನೆಯ ಹುಡುಗಿಗೇ ಹೀಗಾಗಿದ್ದರೆ?”

ಇದಕ್ಕೆ ಉತ್ತರ ಕೊಡಲು ನಾನು ತಡವರಿಸುವುದಿಲ್ಲ. ನನ್ನ ಮಗಳಿಗೆ ಹಾಗಾಗಿದ್ದರೆ ಅವನು ಉಸಿರಾಡುತ್ತಿರುವುದನ್ನೂ ನಾನು ಸಹಿಸುತ್ತಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದನ್ನು ಓದಿ, ಅಶೋಕ ವೃತ್ತದಲ್ಲಿ ಮೇಣದಬತ್ತಿ ಹಿಡಿದು “ನೇಣಿಗೆ ಹಾಕಿ” ಎಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬಳು. ಆ ಸಿಟ್ಟಿನ ಬಗ್ಗೆ ಇಂದಿಗೂ ನನಗೆ ನಾಚಿಕೆಯಿಲ್ಲ.

ಆದರೆ ಮಾತು ಮುಂದುವರಿದ ಹಾಗೆ ಇನ್ನೊಂದು ಪ್ರಶ್ನೆ ಹೊರಬೀಳುತ್ತದೆ. ಅಸಲಿ ಪ್ರಶ್ನೆ ಅದೇ ಎಂದು ಬಹಳ ವರ್ಷಗಳ ನಂತರ ನನಗೆ ಹೊಳೆಯಿತು. “ಜೀವಾವಧಿ ಎಂದರೆ ಹದಿನಾಲ್ಕು ವರ್ಷ ತಾನೇ? ಆಮೇಲೆ ಮೀಸೆ ತಿರುವಿಕೊಂಡು ಊರಿಗೆ ಬರುತ್ತಾನಲ್ಲ ಮೇಡಂ?”

ತಾನಾಗಿ ಬರುವುದಿಲ್ಲ. ಬರುವ ಹಕ್ಕು ಅವನಿಗಿಲ್ಲ. ಜೀವಾವಧಿ ಎಂದರೆ ಜೀವ ಇರುವವರೆಗೆ. ಗಾಂಧೀಜಿ ಹತ್ಯೆಯ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ಮಾಫಿಯೂ (ಶಿಕ್ಷೆಯಲ್ಲಿ ಸಿಗುವ ಕಡಿತ) ಸೇರಿ ಇಪ್ಪತ್ತು ವರ್ಷದ ಲೆಕ್ಕ ಮುಗಿಯಿತು, ಬಿಡಿ ಎಂದು ಕೇಳಿದಾಗ ಸುಪ್ರೀಂ ಕೋರ್ಟ್ 1961ರಲ್ಲೇ ಇದನ್ನು ಹೇಳಿತು. ಹದಿನಾಲ್ಕು ಎಂಬ ಅಂಕಿಯ ಮೂಲ ಬೇರೆ. ಕೊಲೆಯಂಥ ಅಪರಾಧಕ್ಕೆ ಜೀವಾವಧಿಯಾದವನನ್ನು ಸರ್ಕಾರ ಮನಸ್ಸು ಮಾಡಿದರೂ ಹದಿನಾಲ್ಕು ವರ್ಷಕ್ಕೆ ಮೊದಲು ಬಿಡುವಂತಿಲ್ಲ ಎಂಬ ನಿರ್ಬಂಧವನ್ನು 1978ರಲ್ಲಿ ಕಾನೂನಿಗೆ ಸೇರಿಸಿದರು. ಬಾಗಿಲಿಗೆ ಹಾಕಿದ ಅಗುಳಿಯನ್ನೇ ಜನ ಬಾಗಿಲು ತೆರೆಯುವ ದಿನ ಎಂದು ತಿಳಿದುಕೊಂಡರು.

ಕಳೆದ ವರ್ಷಗಳ ಒಂದು ಪ್ರಕರಣವನ್ನೇ ನೋಡಿ, ನಮ್ಮ ಪಕ್ಕದ್ದು. 2017ರಲ್ಲಿ ಕಂಪ್ಲಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ತನ್ನ ಹೆಂಡತಿ, ನಾದಿನಿ ಮತ್ತು ಮೂವರು ಮಕ್ಕಳನ್ನು ಕೊಂದ. ಬಳ್ಳಾರಿಯ ನ್ಯಾಯಾಲಯ ಗಲ್ಲು ವಿಧಿಸಿತು. 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದನ್ನು ಎತ್ತಿಹಿಡಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ತೆಗೆದು, ಕೊನೆಯುಸಿರಿನವರೆಗೆ ಸೆರೆ, ಮಾಫಿ ಇಲ್ಲ ಎಂದಿತು. ಮರುದಿನ ಗಂಗಾವತಿಯ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು “ಗಲ್ಲು ರದ್ದು” ಎಂಬಷ್ಟನ್ನು ಓದಿ ಪತ್ರಿಕೆಯನ್ನು ಮಡಚಿ ತೊಡೆಯ ಕೆಳಗೆ ಒತ್ತಿಬಿಟ್ಟರು. ಕೇಳಿ ತೆಗೆದುಕೊಂಡು ಕೆಳಗಿನ ಸಾಲುಗಳನ್ನು ಓದಿ ಹೇಳಿದೆ. “ಸಾಯುವತನಕವೇ? ಒಂದು ಹಬ್ಬಕ್ಕೂ ಬಿಡುಗಡೆ ಮಾಡುವುದಿಲ್ಲವೇ?” ಎಂದರು. ಇಲ್ಲ ಎಂದೆ. ಬಹಳ ಹೊತ್ತು ಕಿಟಕಿಯಾಚೆಯ ಭತ್ತದ ಗದ್ದೆ ನೋಡುತ್ತಿದ್ದು, “ಹಾಗಿದ್ದರೆ ಆಯಿತು ಬಿಡಿ” ಎಂದರು.

ಆ “ಹಾಗಿದ್ದರೆ ಆಯಿತು” ಎಂಬುದನ್ನು ನಾನು ಎಷ್ಟೋ ಬಾಯಿಗಳಿಂದ ಕೇಳಿದ್ದೇನೆ. ನಮ್ಮ ಜನ ರಕ್ತ ಕೇಳುತ್ತಿಲ್ಲ, ಭರವಸೆ ಕೇಳುತ್ತಿದ್ದಾರೆ. ಮಾಫಿಯಿಲ್ಲದ ಇಂಥ ಶಿಕ್ಷೆಗೆ ದಾರಿ ತೆರೆದದ್ದೂ ಕರ್ನಾಟಕದ್ದೇ ಪ್ರಕರಣ, ಬೆಂಗಳೂರಿನಲ್ಲಿ ಹೆಂಡತಿಯನ್ನು ಮನೆಯಂಗಳದಲ್ಲಿ ಹೂತ ಸ್ವಾಮಿ ಶ್ರದ್ಧಾನಂದನ ಪ್ರಕರಣದ 2008ರ ತೀರ್ಪು.

ಜನರ ಅನುಮಾನ ಬರೀ ಅಜ್ಞಾನವೂ ಅಲ್ಲ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರ, ಕೊಲೆ ಮಾಡಿ ಜೀವಾವಧಿ ಅನುಭವಿಸುತ್ತಿದ್ದ ಹನ್ನೊಂದು ಮಂದಿಯನ್ನು 2022ರ ಆಗಸ್ಟ್ 15ರಂದು ಬಿಟ್ಟರು, ಹೂಮಾಲೆ ಹಾಕಿ ಸಿಹಿ ತಿನ್ನಿಸಿದರು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಿಡುಗಡೆಯನ್ನು ರದ್ದುಮಾಡಿ ಅವರನ್ನು ಮತ್ತೆ ಜೈಲಿಗೆ ಕಳಿಸಿತು, ನಿಜ. ಆದರೆ ಆ ಹೂಮಾಲೆ ಕಂಡವರಿಗೆ ಜೀವಾವಧಿಯ ಮೇಲೆ ನಂಬಿಕೆ ಬರಬೇಕು ಎಂದರೆ ಹೇಗೆ ಬರುತ್ತದೆ? ಗಲ್ಲು ಬೇಡ ಎನ್ನುವ ನನ್ನಂಥವರು ಮೊದಲು ಜಗಳ ತೆಗೆಯಬೇಕಾದದ್ದು ಇಂಥ ಬಿಡುಗಡೆಗಳ ಮೇಲೆ.

ನಾನು ಬದಲಾದದ್ದು ಎಲ್ಲಿ ಎಂದೂ ಕೇಳುತ್ತಾರೆ. ನನ್ನ ತವರು ರಾಯಚೂರು. ಅಲ್ಲಿಂದ ಕೃಷ್ಣೆ ದಾಟಿ ಹೈದರಾಬಾದಿನ ರಸ್ತೆ ಹಿಡಿದರೆ ಮಕ್ತಲ್ ಸಿಗುತ್ತದೆ. 2019ರ ಡಿಸೆಂಬರ್ 6ರಂದು ಹೈದರಾಬಾದ್ ಹತ್ತಿರ ಪೊಲೀಸರ ಗುಂಡಿಗೆ ಸತ್ತ ನಾಲ್ವರು ಆರೋಪಿಗಳು ಆ ಮಕ್ತಲ್ ಸುತ್ತಿನ ಹಳ್ಳಿಯವರು. ಪಶುವೈದ್ಯೆಯೊಬ್ಬಳ ಅತ್ಯಾಚಾರ, ಕೊಲೆಯ ಆರೋಪ ಅವರ ಮೇಲಿತ್ತು. ಅಂದು ಪೊಲೀಸರ ಮೇಲೆ ಜನ ಹೂ ಸುರಿದರು. ನನ್ನ ತಮ್ಮ ಫೋನ್ ಮಾಡಿ, “ಅಕ್ಕಾ, ನಿಮ್ಮ ಕೋರ್ಟು ಮಾಡದ್ದನ್ನು ಇವರು ಮಾಡಿದರು” ಎಂದ. ನಾನು ಎದುರಾಡಲಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರು, ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದು ಅದರಲ್ಲಿತ್ತು. ಅಂದು ನಾನು ತಮ್ಮನಿಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಅದು ಗುಂಡು, ನೇಣಲ್ಲ, ವಿಚಾರಣೆ ನಡೆದಿರಲಿಲ್ಲ ಎನ್ನಬಹುದು. ಆದರೆ ವಿಚಾರಣೆ ನಡೆದಲ್ಲೂ ತಪ್ಪುತ್ತದೆ. ಪುಣೆಯ 1994ರ ಕೊಲೆಗಳಲ್ಲಿ ಸುಪ್ರೀಂ ಕೋರ್ಟಿನವರೆಗೂ ಗಲ್ಲು ಕಾಯಂ ಆಗಿದ್ದ ಒಬ್ಬನಿಗೆ, ಕೃತ್ಯದ ಹೊತ್ತಿಗೆ ಬರೀ ಹನ್ನೆರಡು ವರ್ಷವಾಗಿತ್ತು ಎಂದು ಅದೇ ನ್ಯಾಯಾಲಯ 2023ರಲ್ಲಿ ಒಪ್ಪಿತು. ಇಪ್ಪತ್ತೆಂಟು ವರ್ಷ ಒಳಗಿದ್ದು ಹೊರಬಂದ. ನೇಣಿಗೆ ಹಾಕಿದ್ದರೆ ಬಿಡುಗಡೆ ಮಾಡಲು ಯಾರಿರುತ್ತಿದ್ದರು?

ಕೊನೆಗೆ ಒಬ್ಬ ತಾಯಿಯ ಮಾತು. ಯಲಬುರ್ಗಾ ಕಡೆಯವಳು, ಹೆಸರು ಬೇಡ. ಮಗಳನ್ನು ಕೊಂದವನ ಮೇಲಿನ ಮೊಕದ್ದಮೆಯಲ್ಲಿ ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ನಾನಿದ್ದೆ. ಪ್ರತಿ ವಾಯಿದೆಗೂ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದಳು. ದಿನಾಂಕ ಬರೆದುಕೊಟ್ಟ ಚೀಟಿಗಳನ್ನೆಲ್ಲ ಮಗಳ ಹಳೆಯ ರವಿಕೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಮುಗಿದುಹೋದ ದಿನಾಂಕದ ಚೀಟಿಯನ್ನೂ ಎಸೆದಿರಲಿಲ್ಲ. ಜೀವಾವಧಿ ಎಂದು ತೀರ್ಪಾದ ದಿನ ನನ್ನ ಕೋಟಿನ ತುದಿ ಹಿಡಿದು ಅವಳು ಕೇಳಿದ್ದು, ಅವನನ್ನು ಯಾಕೆ ನೇಣಿಗೆ ಹಾಕಲಿಲ್ಲ ಎಂದಲ್ಲ. “ಅವನು ಮತ್ತೆ ನಮ್ಮ ಓಣಿಗೆ ಬರುತ್ತಾನೇನವ್ವಾ? ಇನ್ನೊಬ್ಬಳು ಮಗಳಿದ್ದಾಳೆ” ಎಂದಳು.

ಪ್ರತಿ ವರ್ಷ ಗವಿಮಠದ ಜಾತ್ರೆ ಹತ್ತಿರ ಬಂದಾಗ ಅವಳ ಫೋನ್ ಬರುತ್ತದೆ. ಹಬ್ಬ ಜಾತ್ರೆಗೆ ಪೆರೋಲ್ ಸಿಕ್ಕೀತೇ ಎಂಬ ಭಯ. ನಾನು ವಿಚಾರಿಸಿ ಹೇಳುತ್ತೇನೆ. ತಾನಾಗಿ ಅವಳಿಗೆ ಯಾರೂ ತಿಳಿಸಿದ್ದನ್ನು ನಾನು ಕಂಡಿಲ್ಲ. ಈ ವರ್ಷವೂ “ಒಳಗೇ ಇದ್ದಾನೆ” ಎಂದೆ. “ಆಯಿತವ್ವಾ, ಕಡಲೆ ಕೀಳುವುದಿದೆ, ನಾಳೆಯಿಂದ ಮಗಳನ್ನೂ ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ” ಎಂದು ಫೋನ್ ಇಟ್ಟಳು.