ಮೂರು ಪುಟ ಒಂದಾಯ್ತು

ನಿನ್ನೆ ಶಿರಸಿ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿಗೆ ಚಿಕ್ಕಪ್ಪನ ಮಗಳ ಜೊತೆ ಹೋಗಿದ್ದೆ. ಬಿ.ಕಾಂ ಮುಗಿಸಿದ್ದಾಳೆ, ಸೋಮವಾರ ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ.

ರೆಸ್ಯೂಮೆ ಮೂರು ಪುಟ. ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಹಾಡು ಕೇಳುವುದು, ಕೊನೆಗೆ ‘ಮೇಲಿನದ್ದೆಲ್ಲ ನಿಜ’ ಅಂತ ಸಹಿ. ಪುಟ ಜಾಸ್ತಿ ಇದ್ದರೆ ಒಳ್ಳೇದು ಅಂತ ಯಾರೋ ಹೇಳಿದ್ದಾರಂತೆ.

ಆದರೆ ಎರಡು ವರ್ಷ ಅಡಿಕೆ ಮಂಡಿಯಲ್ಲಿ ಕೂತು ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಬರೆದದ್ದು? ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆ ಎಲ್ಲಕ್ಕೂ ಬೇರೆ ಬೇರೆ ದರ, ಮೇಲೆ 5 ಪರ್ಸೆಂಟ್ ಜಿಎಸ್‌ಟಿ. ಒಂದು ಸಾಲೂ ಇಲ್ಲ!

“ಅಣ್ಣಯ್ಯಾ, ಅದು ಊರಿನ ಕೆಲಸ ಅಲ್ದಾ? ಅದನ್ನ ಅನುಭವ ಅಂತ ಯಾರು ಹೇಳ್ತಾರೆ?” ಅಂದಳು.

ನಂಗೆ ಹೊಟ್ಟೆ ಚುರ್ ಅಂತು. ಆಫೀಸಿನಲ್ಲಿ ಎಸಿ ಕೆಳಗೆ ಕೂತರೆ ಮಾತ್ರ ಕೆಲಸವಾ? ಅಲ್ಲೇ ಸ್ಟೂಲ್ ಎಳೆದು ಕೂತು ಒಂದೇ ಪುಟ ಮಾಡಿದೆವು. ಮಂಡಿ ಲೆಕ್ಕ ಮೊದಲು.

ಬಸ್ಸಿಗೆ ಕಾಯುವಾಗ ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದಳು.