ಎಂಬಿ ಪುಸ್ತಕ ತೆಗೀರಿ ಸಾರ್

ಚಳ್ಳಕೆರೆ ತಾಲ್ಲೂಕಿನ ನಮ್ಮೂರಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಂಚಾಯ್ತಿಗೆ ಹೋಗುವ ಅರ್ಜಿಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಜೊತೆಗೆ ಒಂದು ಮಾತೂ ಕೇಳಿಸುತ್ತೆ: "ಕೊಟ್ಟು ಏನಾಗ್ಬೇಕು, ಎಲ್ಲಾ ಮೊದ್ಲೇ ಹಂಚ್ಕೊಂಡಿರ್ತಾರೆ."

ಸುಮ್ನೆ ಹುಟ್ಟಿದ ಮಾತಲ್ಲ ಇದು. ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ ಆಗಬೇಕು ಅಂತ ಕಾಯ್ದೆ ಹೇಳುತ್ತೆ. ನಮ್ಮಲ್ಲೂ ಆಗುತ್ತಿತ್ತು, ಕಾಗದದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಸಭೆ, ಜನ ಶೇಂಗಾ ಹೊಲದಲ್ಲಿ. ಸಂಜೆ ಸಹಿ ಪುಸ್ತಕವೇ ಮನೆಮನೆಗೆ ಬರುತ್ತಿತ್ತು. ಸಹಿ, ಇಲ್ಲವೇ ಹೆಬ್ಬೆಟ್ಟು. ಕೋರಂ ತುಂಬಿತು!

ಗಾಳಿ ತಿರುಗಿದ್ದು ಜಮಾಬಂದಿಯಲ್ಲಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿ ತನ್ನ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು. ಕಾಮಗಾರಿಯನ್ನೂ ತೋರಿಸಬೇಕು. ಹೊಸದಾಗಿ ಬಂದ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಡಂಗುರ ಸಾರಿಸಿದರು, ಸ್ತ್ರೀಶಕ್ತಿ ಸಂಘಗಳಿಗೆ ಹೇಳಿಕಳಿಸಿದರು. ಗುಡಿ ಕಟ್ಟೆ ಮೇಲೆ ಮೈಕ್ ಹಿಡಿದು ಖರ್ಚು ಓದುತ್ತಿದ್ದಾಗ ಒಬ್ಬ ಹೆಂಗಸು ಎದ್ದಳು.

"ಚರಂಡಿ ನಮ್ಮನೆ ತನಕ ಅಂತ ಓದಿದ್ರಿ. ನಮ್ಮನೆ ಮುಂದೆ ಎಲ್ಲೈತೆ ಸಾರ್?"

ಯಾರೋ ಬಡಗಿಯ ಟೇಪ್ ತಂದರು. ನೀರಿನ ಟ್ಯಾಂಕ್ ಹತ್ತಿರ ಒಂದು ತುದಿ ಹಿಡಿದು ಎಂಜಿನಿಯರ್, ಇನ್ನೊಂದು ತುದಿ ಹಿಡಿದು ಆಕೆಯ ಮಗ. ಅಳೆದು, ಗೆರೆ ಎಳೆದು, ಮತ್ತೆ ಅಳೆದರು. ಕಾಮಗಾರಿಯ ಅಳತೆ ಬರೆದಿಡುವ ಎಂಬಿ ಪುಸ್ತಕದಲ್ಲಿದ್ದ ಉದ್ದಕ್ಕೆ ಚರಂಡಿ ಸಾಲಲಿಲ್ಲ. ಪಿಡಿಒ ಬೆವರು ಒರೆಸಿಕೊಂಡರು. ಕಡಿಮೆ ಇದ್ದದ್ದನ್ನು ನಡವಳಿ ಪುಸ್ತಕದಲ್ಲಿ ಅಲ್ಲೇ ಬರೆದು, ಗಟ್ಟಿಯಾಗಿ ಓದಿದರು. ಉಳಿದ ತುಂಡು ದೀಪಾವಳಿ ಹೊತ್ತಿಗೆ ಮುಗೀತು.

ನನಗೆ ಚರಂಡಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಇನ್ನೊಂದು ಶುದ್ಧ ನೀರಿನ ಘಟಕ ಬೇಕು ಅಂತ ಅದೇ ಸಭೆಯಲ್ಲಿ ಕೇಳಿದೆವು. "ನೋಡೋಣ, ಮಾಡೋಣ" ಅನ್ನಲಿಲ್ಲ ಪಿಡಿಒ. ಖಾತೆಯಲ್ಲಿ ಉಳಿದದ್ದೆಷ್ಟು, ಅದರಲ್ಲಿ ಕರೆಂಟ್ ಬಿಲ್ಲಿಗೆ, ವಾಟರ್‌ಮ್ಯಾನ್ ಸಂಬಳಕ್ಕೆ ಹೋಗುವುದೆಷ್ಟು ಅಂತ ಓದಿ, "ಈ ವರ್ಷ ಆಗಲ್ಲ" ಅಂದರು. ಒಬ್ಬರೂ ಗಲಾಟೆ ಮಾಡಲಿಲ್ಲ. ಅದಾದ ಮೇಲೆ ನೀರಿನ ಕರ ಬಾಕಿ ಇಟ್ಟವರು ಕೆಲವರು ತಾವಾಗೇ ಹೋಗಿ ಕಟ್ಟಿದರು. ಎಲ್ಲರೂ ಅಲ್ಲ ಬಿಡಿ, ನಮ್ಮೂರು ಅಷ್ಟೊಂದು ಒಳ್ಳೆಯದಲ್ಲ.

ಈಗ ಆ ಪಿಡಿಒಗೆ ವರ್ಗವಾಗಿದೆ. ಮುಂದಿನ ವಾರ್ಡ್ ಸಭೆಯ ನೋಟಿಸ್ ಅಂಟಿಸಿದ್ದಾರೆ, ಟೈಮ್ ಮತ್ತೆ ಬೆಳಗ್ಗೆ ಹನ್ನೊಂದು! ಸಂಜೆಗೆ ಹಾಕಿ ಅಂತ ಸಂಘದ ಹೆಂಗಸರು ಅರ್ಜಿ ಬರೆಸಿದ್ದಾರೆ. ನಾಳೆ ಸ್ವೀಕೃತಿ ತಗೊಂಡೇ ಬರ್ತಾರಂತೆ.